ಗುಡಿಬಂಡೆ ಹತ್ತಿರ ಸರ್ಫಿಂಗ್ ಕೊಳ ಕಟ್ಟುತ್ತಾರಂತೆ: ಅಲೆ ಎಬ್ಬಿಸೋದು ಹೇಗೆ, ನೀರು ಎಲ್ಲಿಂದ?

ಗುಡಿಬಂಡೆ ಪೋರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಗುಡಿಬಂಡೆ ಹತ್ತಿರ ನಮ್ಮ ಚಿಕ್ಕಪ್ಪನಿಗೆ ಒಂಬತ್ತು ಎಕರೆ ಇದೆ. ಮೂರು ಬೋರ್ ಕೊರೆಸಿದರು, ಮೂರರಲ್ಲೂ ಬರೀ ದೂಳು. ಹೋದ ವಾರ ಬೆಂಗಳೂರಿನಿಂದ ಇಬ್ಬರು ಬಂದು, ಮೂವತ್ತು ವರ್ಷಕ್ಕೆ ಲೀಸ್‌ಗೆ ಕೊಡಿ, ಇಲ್ಲಿ ಅಲೆ ಕೊಳ ಕಟ್ಟುತ್ತೇವೆ, ಜನ ಬಂದು ಸರ್ಫಿಂಗ್ ಮಾಡುತ್ತಾರೆ, ಅಂದರೆ ಹಲಗೆ ಮೇಲೆ ನಿಂತು ಅಲೆ ಮೇಲೆ ಜಾರುತ್ತಾರೆ ಅಂದರು. ಹೈವೇ ಹತ್ತಿರ ಇದೆ, ಏರ್‌ಪೋರ್ಟ್ ದೂರ ಇಲ್ಲ ಅಂತೆಲ್ಲ ಲೆಕ್ಕ ಹೇಳಿದರು. ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಕುಡಿಯೋಕೆ ಟ್ಯಾಂಕರ್ ತರಿಸೋ ಊರಲ್ಲಿ ಸಮುದ್ರ ಮಾಡ್ತೀರಾ?" ಅವರು ನಕ್ಕು ಒಂದು ವಿಡಿಯೋ ತೋರಿಸಿ ಹೋದರು.

ನಾನು ಮೆಕ್ಯಾನಿಕಲ್ ಓದಿದವನು ಅಂತ ಈಗ ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಫ್ಲೂಯಿಡ್ ಮೆಕ್ಯಾನಿಕ್ಸ್ ನಾನು ಎರಡನೇ ಸಲಕ್ಕೆ ಪಾಸ್ ಮಾಡಿದ್ದು, ಅದು ಅವರಿಗೆ ಗೊತ್ತಿಲ್ಲ. ಈ ಮಷಿನ್ ಹೇಗೆ ಕೆಲಸ ಮಾಡುತ್ತೆ? ಕರೆಂಟು ಎಷ್ಟು ಬೇಕು? ನಮ್ಮ ಕಡೆ ಇದು ಆಗೋ ಮಾತಾ? ತಿಳಿದವರು ಹೇಳಿ.

ಮುಳಬಾಗಿಲು ದೋಸೆ

ತಮ್ಮಾ, ನಾನು ಒಂದು ವಾಟರ್ ಪಾರ್ಕ್‌ನಲ್ಲಿ ನಾಲ್ಕು ವರ್ಷ ಮೇಂಟೆನೆನ್ಸ್ ಮಾಡಿದ್ದೇನೆ. ಹೆಸರು ಬೇಡ. ಅಲ್ಲಿನ ಅಲೆ ಕೊಳ ಹೇಗಿತ್ತು ಅಂತ ಹೇಳುತ್ತೇನೆ, ಆಮೇಲೆ ಸರ್ಫಿಂಗ್ ಕೊಳ ಯಾಕೆ ಬೇರೆ ಅಂತ ಅರ್ಥ ಆಗುತ್ತೆ.

ಆಳದ ಕಡೆ ಗೋಡೆ ಕಾಣುತ್ತಲ್ಲ, ಅದರ ಹಿಂದೆ ಸಾಲಾಗಿ ಕಾಂಕ್ರೀಟ್ ಕೋಣೆಗಳು. ಕೋಣೆಯ ಕೆಳಗಡೆ ಕೊಳಕ್ಕೆ ಬಾಯಿ ಇರುತ್ತೆ, ಮೇಲ್ಗಡೆ ಬ್ಲೋವರ್ ಪೈಪು. ಗಾಳಿ ಊದಿದರೆ ಕೋಣೆಯೊಳಗಿನ ನೀರು ಕೆಳಗಿನ ಬಾಯಿಂದ ಕೊಳಕ್ಕೆ ನುಗ್ಗುತ್ತೆ. ವಾಲ್ವ್ ಬಿಟ್ಟರೆ ಗಾಳಿ ಹೊರಗೆ, ನೀರು ವಾಪಸ್. ಇಷ್ಟೇ. ಒಂದು ಕೋಣೆ ಊದುವಾಗ ಪಕ್ಕದ್ದು ಬಿಡುತ್ತೆ, ಆಗ ಅಲೆಗಳು ಒಂದಕ್ಕೊಂದು ಅಡ್ಡ ಹಾಯ್ದು ನೀರು ಪೂರ್ತಿ ಗುಬ್ಬಿ ಗುಬ್ಬಿ ಆಗುತ್ತೆ. ಮಕ್ಕಳು ಕಿರುಚೋಕೆ ಅದು ಸಾಕು. ಆದರೆ ಅದರ ಮೇಲೆ ಯಾರೂ ಹಲಗೆ ಇಟ್ಟು ನಿಲ್ಲೋಕೆ ಆಗಲ್ಲ. ಸರ್ಫಿಂಗ್‌ಗೆ ಬೇಕಿರೋದು ಒಂದೇ ಒಂದು ನೇರ ಅಲೆ, ಅದೂ ಒಂದು ತುದಿಯಿಂದ ಇನ್ನೊಂದು ತುದಿಗೆ ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಮುರೀಬೇಕು.

ಒಂದು ಸಲ ಸೀಸನ್ ಮಧ್ಯೆ ಒಂದು ವಾಲ್ವ್ ಅರ್ಧಕ್ಕೆ ಸಿಕ್ಕಿಕೊಂಡು, ಎಡಗಡೆ ಅಲೆ ಸೊಂಟದ ಎತ್ತರ, ಬಲಗಡೆ ಪಾದದ ಎತ್ತರ ಬರ್ತಿತ್ತು. ಮ್ಯಾನೇಜರ್‌ಗೆ ಹೇಳಿದರೆ "ಭಾನುವಾರ ಮುಗೀಲಿ" ಅಂದರು. ಮೂರು ಭಾನುವಾರ ಹಾಗೇ ಓಡಿಸಿದೆವು. ಜನ ಎಲ್ಲ ಎಡಗಡೆಗೇ ಗುಂಪು ಕಟ್ಟುತ್ತಿದ್ದರು, ಲೈಫ್‌ಗಾರ್ಡ್ ಹುಡುಗರ ಗಂಟಲು ಕಟ್ಟಿ ಹೋಯಿತು.

ಬೇತಮಂಗಲದವನು

ಕೆಜಿಎಫ್ ಹುಡುಗ ನಾನು, ಕೆಲಸ ಮಂಗಳೂರಲ್ಲಿ. ಮೂಲ್ಕಿ, ಸಸಿಹಿತ್ಲು ಕಡೆ ಐದಾರು ವರ್ಷದಿಂದ ಸರ್ಫಿಂಗ್ ಕಲಿತಾ ಇದ್ದೇನೆ. ಮೂಲ್ಕಿಯಲ್ಲಿ 2004ರಿಂದಲೇ ಸರ್ಫ್ ಕ್ಲಬ್ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ.

ದೋಸೆ ಅಣ್ಣ ಹೇಳಿದ "ಸಿಪ್ಪೆ ಸುಲಿದ ಹಾಗೆ" ಅನ್ನೋದು ಸರಿಯಾದ ಮಾತು. ಅಲೆ ಉದ್ದಕ್ಕೂ ಒಂದೇ ಸಲ ದಬ್ ಅಂತ ಬಿದ್ದರೆ ನಮಗೆ ಕೆಲಸ ಇಲ್ಲ. ಮುರೀತಾ ಇರೋ ಜಾಗದ ಸ್ವಲ್ಪ ಮುಂದೆ ಹಲಗೆ ಓಡ್ತಾ ಇರಬೇಕು. ಸಮುದ್ರದಲ್ಲಿ ಅಂಥ ಅಲೆಗೆ ಗಂಟೆಗಟ್ಟಲೆ ಕಾಯಬೇಕು, ಬಂದಾಗ ಬೇರೆಯವರು ಹತ್ತಿರುತ್ತಾರೆ. ಅದಕ್ಕೇ ಈ ಕೊಳಗಳಿಗೆ ಅಷ್ಟು ಆಸೆ.

ಅಮೆರಿಕದಲ್ಲಿ ಕೆಲ್ಲಿ ಸ್ಲೇಟರ್ ಅನ್ನೋ ಚಾಂಪಿಯನ್ 2015ರ ಕೊನೆಯಲ್ಲಿ ಒಂದು ವಿಡಿಯೋ ಬಿಟ್ಟ. ಕ್ಯಾಲಿಫೋರ್ನಿಯಾದ ಲೆಮೂರ್ ಊರು, ಸಮುದ್ರದಿಂದ ನೂರೈವತ್ತು ಕಿಲೋಮೀಟರ್‌ಗೂ ಜಾಸ್ತಿ ದೂರ. ಸುತ್ತ ಏನು ಗೊತ್ತಾ? ಹತ್ತಿ, ಟೊಮೆಟೊ ಹೊಲ! ಥೇಟ್ ನಮ್ಮ ಕೋಲಾರ. ಮೊದಲು ವಾಟರ್ ಸ್ಕೀಯಿಂಗ್‌ಗೆ ಅಂತ ತೋಡಿದ್ದ ಕೊಳ, 600 ಮೀಟರ್‌ಗಿಂತ ಉದ್ದ. ಪಕ್ಕದಲ್ಲಿ ಹಳಿ, ಹಳಿ ಮೇಲೆ ರೈಲು ಎಂಜಿನ್ ಥರದ್ದು ಓಡುತ್ತೆ, ಅದು ನೀರೊಳಗೆ ಒಂದು ದೊಡ್ಡ ರೆಕ್ಕೆ ಎಳೆಯುತ್ತೆ. ನೇಗಿಲು ಮಣ್ಣು ಮಗುಚಿದ ಹಾಗೆ ನೀರು ಪಕ್ಕಕ್ಕೆ ಮಗುಚಿ ಅಲೆ ಆಗುತ್ತೆ. ಒಂದೇ ಅಲೆ ಮೇಲೆ ಮುಕ್ಕಾಲು ನಿಮಿಷ ಓಡಬಹುದು. ಸಸಿಹಿತ್ಲಲ್ಲಿ ನನಗೆ ಎಂಟು ಸೆಕೆಂಡ್ ಸಿಕ್ಕಿದರೆ ಅವತ್ತು ಪಾರ್ಟಿ.

ಟೊಮೆಟೊ ಮಂಡಿ

ಥೇಟ್ ಕೋಲಾರ ಅಂದ್ರಲ್ಲ, ಆ ಕಡೆ ಅಂತರ್ಜಲ ಎಳೆದೂ ಎಳೆದೂ ನೆಲವೇ ಕುಸೀತಿದೆ. ಅದೂ ಥೇಟ್ ಅಂತ ಸೇರಿಸಿಕೊಳ್ಳಿ.

ಕೋಡಿ ಕಲ್ಲು

ನಾನು ಸಣ್ಣ ನೀರಾವರಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಸರ್ಫಿಂಗ್ ಬಗ್ಗೆ ನನಗೆ ಏನೂ ತಿಳಿಯದು. ಆದರೆ ಅಲೆ ಬಗ್ಗೆ ಸ್ವಲ್ಪ ತಿಳಿದಿದೆ, ಯಾಕೆಂದರೆ ಜೀವಮಾನ ಪೂರ್ತಿ ಅದನ್ನು ಸಾಯಿಸುವ ಕೆಲಸವನ್ನೇ ಮಾಡಿದ್ದೇನೆ.

ನಗಬೇಡಿ. ದೊಡ್ಡ ಕೆರೆ ತುಂಬಿದಾಗ ಆಷಾಢದ ಗಾಳಿಗೆ ಏರಿ ಕಡೆ ಅಲೆ ಏಳುತ್ತದೆ. ಅರ್ಧ ಅಡಿ, ಒಂದಡಿ. ಅಷ್ಟೇ ಸಾಕು, ರಾತ್ರಿ ಹಗಲು ಹೊಡೆದು ಹೊಡೆದು ಏರಿಯ ಮಣ್ಣನ್ನು ಕೆರೆದು ತಿನ್ನುತ್ತದೆ. ಅದಕ್ಕೇ ಏರಿಯ ಒಳಮೈಗೆ ಕಲ್ಲು ಜೋಡಿಸುವುದು. ನೋಡಿ, ಆ ಕಲ್ಲುಗಳನ್ನು ನುಣ್ಣಗೆ ಗಾರೆ ಹಾಕಿ ಮುಚ್ಚುವುದಿಲ್ಲ. ಒರಟಾಗಿ, ಸಂದು ಬಿಟ್ಟು ಜೋಡಿಸುತ್ತಾರೆ. ಅಲೆ ಸಂದಿನೊಳಗೆ ನುಗ್ಗಿ, ಒದ್ದಾಡಿ, ಅಲ್ಲೇ ಸುಸ್ತಾಗುತ್ತದೆ. ನುಣ್ಣನೆಯ ನೇರ ಗೋಡೆ ಕಟ್ಟಿದರೆ ಹೊಡೆದ ಅಲೆ ಹಾಗೇ ವಾಪಸ್ ಬರುತ್ತದೆ.

ಈಗ ನಿಮ್ಮ ಕೊಳಕ್ಕೆ ಬನ್ನಿ. ಒಂದು ಅಲೆ ಎಬ್ಬಿಸಿದಿರಿ, ಒಬ್ಬ ಹುಡುಗ ಓಡಿದ. ಆ ಅಲೆ ಎಲ್ಲಿಗೆ ಹೋಗುತ್ತದೆ? ದಡಕ್ಕೆ ಬಡಿದು ತಿರುಗಿ ಬರುತ್ತದೆ. ಎರಡನೇ ಅಲೆಗೆ ಅಡ್ಡ ಹಾಯುತ್ತದೆ. ಹತ್ತನೇ ಅಲೆ ಹೊತ್ತಿಗೆ ಕೊಳ ಕುದಿಯುವ ಅನ್ನದ ಪಾತ್ರೆ. ಆದ್ದರಿಂದ ಆ ಇಬ್ಬರನ್ನು "ಅಲೆ ಹೇಗೆ ಎಬ್ಬಿಸುತ್ತೀರಿ" ಅಂತ ಕೇಳಬೇಡಿ. "ಎಬ್ಬಿಸಿದ್ದನ್ನು ಹೇಗೆ ಕೊಲ್ಲುತ್ತೀರಿ" ಅಂತ ಕೇಳಿ. ಅದಕ್ಕೆ ಉತ್ತರ ಇದ್ದವನೇ ಎಂಜಿನಿಯರ್.

ಬೇತಮಂಗಲದವನು

ಸಾರ್, ನಮಸ್ಕಾರ. ಲೆಮೂರ್‌ನ ಸಮಸ್ಯೆ ಅದೇ! ಒಂದು ಅಲೆ ಆದ ಮೇಲೆ ನೀರು ಸುಮ್ಮನಾಗೋಕೆ ಕೆಲವು ನಿಮಿಷ ಕಾಯಬೇಕು. ಅಲ್ಲಿನ ವಿನ್ಯಾಸ ಮಾಡಿದ ಆಡಮ್ ಫಿಂಚಮ್ ದ್ರವಗಳ ಮೇಲೆ ಸಂಶೋಧನೆ ಮಾಡುವವರು, ದಡದಲ್ಲಿ ಅಲೆ ಹೀರಿಕೊಳ್ಳೋ ಏರ್ಪಾಡಿಗೆ ತುಂಬಾ ತಲೆ ಕೆಡಿಸಿಕೊಂಡರಂತೆ. ಆದರೂ ಗಂಟೆಗೆ ಸಿಗೋ ಅಲೆ ಬೆರಳೆಣಿಕೆ. ಅದಕ್ಕೇ ಒಂದು ಅಲೆಯ ರೇಟು ಕೇಳಿದರೆ ಎದೆ ಝಲ್ ಅನ್ನುತ್ತೆ.

ಸ್ಪೇನಿನ ವೇವ್‌ಗಾರ್ಡನ್ ಅನ್ನೋ ಕಂಪನಿ ಬೇರೆ ದಾರಿ ಹಿಡಿಯಿತು. ಮೊದಲು ಅವರೂ ರೆಕ್ಕೆ ಎಳೆಯುತ್ತಿದ್ದರು. 2015ರಲ್ಲಿ ವೇಲ್ಸ್‌ನಲ್ಲಿ ಹಳೇ ಅಲ್ಯೂಮಿನಿಯಂ ಕಾರ್ಖಾನೆ ಜಾಗದಲ್ಲಿ ಅಂಥ ಕೊಳ ತೆರೆದು, ಅದು ಪದೇ ಪದೇ ಕೆಟ್ಟು ನಿಂತು, ಕೊನೆಗೆ 2023ರಲ್ಲಿ ಸರ್ಫಿಂಗೇ ನಿಲ್ಲಿಸಿದರು. ಅಷ್ಟರಲ್ಲಿ ಕಂಪನಿ ರೆಕ್ಕೆ ಬಿಟ್ಟು, ಕೊಳದ ಮಧ್ಯೆ ನೀರು ತಳ್ಳೋ ಹಲಗೆಗಳನ್ನು ಸಾಲಾಗಿ ನಿಲ್ಲಿಸಿತ್ತು. ಒಂದೊಂದಕ್ಕೂ ಬೇರೆ ಮೋಟಾರು. ಒಂದಾದ ಮೇಲೆ ಒಂದು ತಳ್ಳುತ್ತಾ ಹೋಗುತ್ತವೆ, ಜಾತ್ರೆಯಲ್ಲಿ ಜನ ಸಾಲಾಗಿ ಒಬ್ಬರನ್ನೊಬ್ಬರು ನೂಕಿದ ಹಾಗೆ. ಆ ಥರದ್ದೇ 2019ರಲ್ಲಿ ಬ್ರಿಸ್ಟಲ್‌ನಲ್ಲಿ, 2020ರಲ್ಲಿ ಮೆಲ್ಬರ್ನ್ ಏರ್‌ಪೋರ್ಟ್ ಪಕ್ಕದಲ್ಲಿ ಶುರುವಾಯಿತು. ಗಂಟೆಗೆ 1000 ಅಲೆವರೆಗೂ ತೆಗೆಯಬಹುದು ಅಂತಾರೆ.

ವೇಲ್ಸ್‌ನ ಕಾರ್ಖಾನೆ ಜಾಗ ಅಂದಾಗ ನಮ್ಮ ಕೆಜಿಎಫ್ ಚಿನ್ನದ ಗಣಿಯ ಸೈನೈಡ್ ದಿಬ್ಬ ನೆನಪಾಯಿತು. ಬೇಡ ಬಿಡಿ, ಆ ಮಣ್ಣಲ್ಲಿ ನೀರು ನಿಲ್ಲಿಸೋ ಐಡಿಯಾ ಯಾರಿಗೂ ಕೊಡೋದು ಬೇಡ.

ಶಿರಾ ಗೇಟ್

ತುಮಕೂರಿಂದ. ಪಾಠ ಮಾಡುವವನು, ಆದ್ದರಿಂದ ಲೆಕ್ಕ ಇಲ್ಲದೆ ಮಾತಾಡೋಕೆ ಬರಲ್ಲ, ಕ್ಷಮಿಸಿ.

ಆಳ ಕಡಿಮೆ ಇರುವ ನೀರಲ್ಲಿ ಅಲೆಯ ವೇಗವನ್ನು ನಿರ್ಧರಿಸೋದು ಆಳ ಒಂದೇ. ಆಳವನ್ನು 9.8ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ಒಂದು ಮೀಟರ್ ಆಳಕ್ಕೆ ಗಂಟೆಗೆ 11 ಕಿಲೋಮೀಟರ್, ಎರಡು ಮೀಟರ್‌ಗೆ 16, ನಾಲ್ಕು ಮೀಟರ್‌ಗೆ 22. ಅಲೆ ಎತ್ತರ ಇದ್ದರೆ ಸ್ವಲ್ಪ ಜಾಸ್ತಿ. ಇನ್ನೊಂದು ಅಂದಾಜು: ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಭಾಗ ದಾಟಿತು ಅಂದರೆ, ಸುಮಾರು 0.78, ಅಲೆ ನಿಲ್ಲಲಾರದು, ಮುಗ್ಗರಿಸುತ್ತದೆ. ಬುಡಕ್ಕೆ ನೆಲ ತಾಗಿ ನಿಧಾನ ಆಗುತ್ತೆ, ತಲೆ ಮುಂದೆ ಓಡುತ್ತೆ. ಎಡವಿದ ಮನುಷ್ಯನ ಹಾಗೇ. ಒಂದು ಮೀಟರ್ ಅಲೆ ಮುರೀಬೇಕಾದರೆ ಅಲ್ಲಿ ನೀರು ಸುಮಾರು 1.3 ಮೀಟರ್ ಇರಬೇಕು.

ಅಂದ ಮೇಲೆ ಅಲೆ ಎಲ್ಲಿ ಮುರೀಬೇಕು, ಯಾವ ವೇಗದಲ್ಲಿ ಸುಲೀಬೇಕು, ಇದನ್ನೆಲ್ಲ ಹೇಳೋದು ಮಷಿನ್ ಅಲ್ಲ, ಕೊಳದ ನೆಲ. ನೆಲದ ಇಳಿಜಾರು ಅಲೆಗೆ ಓರೆಯಾಗಿ ಇರಬೇಕು, ಆಗ ಅಲೆಯ ಒಂದು ತುದಿ ಮೊದಲು ಎಡವುತ್ತೆ, ಆಮೇಲೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಮೋಟಾರು ಕೆಟ್ಟರೆ ಬದಲಾಯಿಸಬಹುದು. ನೆಲ ತಪ್ಪಾದರೆ ಕೊಳ ಖಾಲಿ ಮಾಡಿ ಕಾಂಕ್ರೀಟ್ ಒಡೀಬೇಕು.

ಈಗ ಕರೆಂಟು. ಎರಡು ಮೀಟರ್ ಆಳದ ನೀರಲ್ಲಿ ಒಂದು ಮೀಟರ್ ಎತ್ತರದ, 50 ಮೀಟರ್ ಅಗಲದ ಒಂಟಿ ಅಲೆಯಲ್ಲಿ ಇರೋ ಶಕ್ತಿ ಲೆಕ್ಕ ಹಾಕಿದೆ: ಸುಮಾರು 21 ಲಕ್ಷ ಜೂಲ್. ಮನೆ ಮೀಟರ್ ಲೆಕ್ಕದಲ್ಲಿ 0.6 ಯೂನಿಟ್! ಇಷ್ಟೇನಾ ಅನಿಸುತ್ತಲ್ವಾ? ಅರ್ಧ ನಷ್ಟ ಅಂತಿಟ್ಟುಕೊಂಡು, ಹತ್ತು ಸೆಕೆಂಡಿಗೆ ಒಂದು ಅಲೆ ತೆಗೆದರೂ ಗಂಟೆಗೆ 420 ಯೂನಿಟ್ ಆಸುಪಾಸು. ಕಷ್ಟ ಇರೋದು ಬೇರೆ ಕಡೆ. ಆ 21 ಲಕ್ಷ ಜೂಲನ್ನು ಎರಡೇ ಸೆಕೆಂಡಲ್ಲಿ ನೀರಿಗೆ ಕೊಡಬೇಕು. ಹತ್ತು ಎಚ್‌ಪಿ ಬೋರ್ ಮೋಟಾರು 140 ಒಟ್ಟಿಗೆ ಆನ್ ಮಾಡಿ, ಎರಡು ಸೆಕೆಂಡ್ ಬಿಟ್ಟು ಆಫ್ ಮಾಡಿ, ಮತ್ತೆ ಆನ್ ಮಾಡಿದ ಹಾಗೆ. ನಿಮ್ಮ ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) ಏನಾಗುತ್ತೆ ಯೋಚನೆ ಮಾಡಿ. ಹಾಗಾಗಿ ಮಧ್ಯೆ ಶಕ್ತಿ ಕೂಡಿಟ್ಟುಕೊಳ್ಳೋ ಏರ್ಪಾಡು ಬೇಕೇ ಬೇಕು, ಗಾಳಿ ಒತ್ತಡದ ಟ್ಯಾಂಕೋ, ನೀರೆತ್ತಿ ಇಡೋ ಟ್ಯಾಂಕೋ, ಇನ್ನೊಂದೋ.

ಮುಳಬಾಗಿಲು ದೋಸೆ

ಮೇಷ್ಟ್ರೇ, ನೀರೆತ್ತಿ ಇಡೋ ಟ್ಯಾಂಕ್ ಅಂದಿರಲ್ಲ, ಅಮೆರಿಕದ ಅರಿಜೋನಾದಲ್ಲಿ 1969ರಲ್ಲಿ ಶುರುವಾದ ಬಿಗ್ ಸರ್ಫ್ ಅನ್ನೋ ವಾಟರ್ ಪಾರ್ಕ್ ಮಾಡಿದ್ದು ಅದನ್ನೇ. ಮರುಭೂಮಿ ಊರು. ನೀರನ್ನು ಮೇಲೆ ತುಂಬಿಸೋದು, ಕೆಳಗಿನ ಗೇಟ್ ಫಟ್ ಅಂತ ತೆಗೆಯೋದು. ಟಾಯ್ಲೆಟ್ ಫ್ಲಷ್ ಅಂತ ಅಲ್ಲಿನ ಜನವೇ ತಮಾಷೆ ಮಾಡ್ತಿದ್ದರಂತೆ. ಈಗಿನ ಗಾಳಿ ಕೋಣೆಯವರು, ಟೆಕ್ಸಾಸ್‌ನ ವೇಕೋದಲ್ಲಿ 2018ರಲ್ಲಿ ಶುರುವಾದದ್ದು, ನಮ್ಮ ವಾಟರ್ ಪಾರ್ಕ್ ಐಡಿಯಾನೇ. ಆದರೆ ಯಾವ ಕೋಣೆಗೆ ಯಾವಾಗ ಗಾಳಿ ಬಿಡಬೇಕು ಅಂತ ಕಂಪ್ಯೂಟರ್‌ನಿಂದ ಹೊಂದಿಸುತ್ತಾರೆ. ಅದರಲ್ಲಿ ಅಲೆಯ ಆಕಾರವನ್ನೇ ಬದಲಾಯಿಸಬಹುದು. ನನ್ನನ್ನು ಕೇಳಿದರೆ ಅದೇ ವಾಸಿ. ನೀರೊಳಗೆ ಓಡಾಡೋ ಭಾಗ ಕಮ್ಮಿ. ಬೇರಿಂಗ್ ನೀರೊಳಗೆ ಇದ್ದರೆ ಏನು ಕಷ್ಟ ಅಂತ ಗ್ರೀಸ್ ಹಚ್ಚಿದವನಿಗೇ ಗೊತ್ತು.

ಕೋಡಿ ಕಲ್ಲು

ಗಾಳಿ ಎಳೆದರೆ ನೀರು ಏರುತ್ತದೆ ಅನ್ನುವುದು ಕುಣಿಗಲ್ ಕಡೆಯವರಿಗೆ ಹೊಸದಲ್ಲ. ಮಾರ್ಕೋನಹಳ್ಳಿ ಜಲಾಶಯದ ಸೈಫನ್ ನೋಡಿ ಬನ್ನಿ. ನೀರು ಮಟ್ಟ ಮೀರಿದರೆ ತಾನೇ ಗಾಳಿ ಹೊರಹಾಕಿಕೊಂಡು ತಾನೇ ಹರಿಯುತ್ತದೆ, ಗೇಟ್ ಎತ್ತಲು ಯಾರೂ ಬೇಡ. ಶಿಂಷಾ ನದಿಯ ಮೇಲಿದೆ.

ಹುಣಸೆ ತೋಪು

ನೀವೆಲ್ಲ ಅಲೆ ಲೆಕ್ಕ ಹಾಕ್ತಾ ಇದ್ದೀರಿ, ನಾನು ಟಾರ್ಪಾಲ್ ಲೆಕ್ಕ ಹೇಳುತ್ತೇನೆ. ಶ್ರೀನಿವಾಸಪುರ ಕಡೆ ಮಾವು, ಟೊಮೆಟೊ ನಮ್ಮದು. ಕೃಷಿ ಹೊಂಡ ತೆಗೆಸಿದೆ, 21 ಮೀಟರ್ ಉದ್ದ, 21 ಅಗಲ, 3 ಆಳ. ಅಂಗಡಿಯವನು 500 ಮೈಕ್ರಾನ್ ಅಂತ ಹೇಳಿ ಯಾವುದೋ ತೆಳು ಹಾಳೆ ಕೊಟ್ಟ. ಮೊದಲ ವರ್ಷ ಏಡಿ ತೂತು ಮಾಡಿತು. ಎರಡನೇ ವರ್ಷ ಹೊಂಡ ಅರ್ಧ ಖಾಲಿ ಇದ್ದಾಗ ಜೋರು ಮಳೆ ಬಂದು, ಮೇಲಿಂದ ಇಳಿದ ನೀರು ಹಾಳೆಯ ಕೆಳಗೆ ಸೇರಿಕೊಂಡಿತು. ಬೆಳಗ್ಗೆ ಹೋಗಿ ನೋಡಿದರೆ ಹೊಂಡದ ಮಧ್ಯೆ ಕಪ್ಪಗೆ ಹೊಟ್ಟೆ ಉಬ್ಬಿದ ಎಮ್ಮೆ ಮಲಗಿದ ಹಾಗಿತ್ತು. ಹೆಂಡತಿ ನೋಡಿ ಹೆದರಿ ಕೂಗಿಕೊಂಡಳು. ಅದನ್ನು ಕೋಲಲ್ಲಿ ಒತ್ತಿದರೆ ಈ ಕಡೆ ಇಳಿದು ಆ ಕಡೆ ಏಳುತ್ತೆ. ಕೊನೆಗೆ ಹಾಳೆ ಕೊಯ್ದು ಕೆಳಗಿನ ನೀರು ಬಿಟ್ಟು ಮತ್ತೆ ಅಂಟು ಹಾಕಿಸಿದೆ. ಆ ಅಂಟೂ ನಿಲ್ಲಲಿಲ್ಲ.

ಇದು ಅಲ್ಲಾಡದ ನೀರಿನ ಕಥೆ. ಹತ್ತು ಸೆಕೆಂಡಿಗೊಮ್ಮೆ ಅಲೆ ಹೊಡೆಯೋ ಕೊಳದಲ್ಲಿ ಹಾಳೆ ಏನಾಗುತ್ತೆ?

ಶಿರಾ ಗೇಟ್

ತುಂಬಾ ಒಳ್ಳೇ ಪ್ರಶ್ನೆ ಅಣ್ಣ. ಅಲೆಯ ಉಬ್ಬು ಮೇಲೆ ಬಂದಾಗ ನೆಲದ ಮೇಲೆ ಒತ್ತಡ ಜಾಸ್ತಿ, ತಗ್ಗು ಬಂದಾಗ ಕಮ್ಮಿ. ಕೆಳಗೆ ಎಲ್ಲಾದರೂ ನೀರು ಸೇರಿದ್ದರೆ ತಗ್ಗು ಬಂದ ಕ್ಷಣಕ್ಕೆ ಅದು ಹಾಳೆಯನ್ನು ಮೇಲಕ್ಕೆ ಎತ್ತುತ್ತೆ, ಉಬ್ಬು ಬಂದಾಗ ತಟ್ಟುತ್ತೆ. ದಿನಕ್ಕೆ ಸಾವಿರಾರು ಸಲ. ಟೆಕ್ಸಾಸ್‌ನ ಆಸ್ಟಿನ್ ಹತ್ತಿರ 2016ರಲ್ಲಿ ತೆರೆದ ಕೊಳ ಕೆಲವೇ ವಾರಗಳಲ್ಲಿ ಮುಚ್ಚಿದ್ದು ಇದೇ ಹಾಳೆ ಹಾಳಾಗಿ. ರಿಪೇರಿ ಮಾಡಿ ಮುಂದಿನ ವರ್ಷ ತೆರೆದರು, 2018ರಲ್ಲಿ ಪೂರ್ತಿ ಬಾಗಿಲು ಹಾಕಿದರು. ಕೋಟಿಗಟ್ಟಲೆ ಸುರಿದವರ ಕಥೆಯೂ ಶ್ರೀನಿವಾಸಪುರದ ಹೊಂಡದ ಕಥೆಯೂ ಒಂದೇ.

ಟೊಮೆಟೊ ಮಂಡಿ

ಎಲ್ಲ ಸರಿ, ನೀರು ಎಲ್ಲಿಂದ ಅಂತ ಯಾರೂ ಹೇಳ್ತಿಲ್ಲ.

ಕೋಡಿ ಕಲ್ಲು

ಹೇಳುತ್ತೇನೆ. ಮೆಲ್ಬರ್ನ್ ಕೊಳ ಸುಮಾರು ಎರಡು ಹೆಕ್ಟೇರ್, ಅಂದರೆ ಐದು ಎಕರೆ. ಅಂಥದ್ದೇ ಇಲ್ಲಿ ಅಂತ ಇಟ್ಟುಕೊಳ್ಳಿ. ಸರಾಸರಿ ಆಳ ಒಂದೂಕಾಲು ಮೀಟರ್ ಹಿಡಿದರೆ ಎರಡೂವರೆ ಕೋಟಿ ಲೀಟರ್. ಇದು ಒಂದು ಸಲ ತುಂಬಿಸುವ ನೀರು, ಇದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಆವಿಗೆ. ದಿನಕ್ಕೆ ಐದು ಮಿಲಿಮೀಟರ್ ಆರಿದರೂ ಒಂದು ಲಕ್ಷ ಲೀಟರ್. ಐದು ಸಾವಿರ ಲೀಟರ್‌ನ ಟ್ಯಾಂಕರ್ ಇಪ್ಪತ್ತು, ದಿನಾ. ವರ್ಷಕ್ಕೆ ಮೂರೂವರೆ ಕೋಟಿ ಲೀಟರ್ ಮೀರುತ್ತದೆ, ಅಂದರೆ ತುಂಬಿದ ಕೊಳಕ್ಕಿಂತ ಆರಿ ಹೋದದ್ದೇ ಹೆಚ್ಚು. ಮಳೆ ಸ್ವಲ್ಪ ವಾಪಸ್ ಕೊಡುತ್ತದೆ, ಆದರೆ ನಮ್ಮ ಜಿಲ್ಲೆಗಳಲ್ಲಿ ಮಳೆ ಅರ್ಧದಷ್ಟನ್ನೂ ತುಂಬುವುದಿಲ್ಲ. ಜೊತೆಗೆ ಅಲೆ ಮುರಿದಾಗ ಹನಿ ಹಾರುತ್ತದೆ, ಗಾಳಿಗೆ ಇನ್ನಷ್ಟು ಆರುತ್ತದೆ, ಅದನ್ನು ನಾನು ಸೇರಿಸಿಲ್ಲ.

ಗುಡಿಬಂಡೆ ಪೋರ

ಸಾರ್, ಅವರು "ಎಚ್‌ಎನ್ ವ್ಯಾಲಿ ನೀರು ಬರುತ್ತಲ್ಲ, ಅದನ್ನೇ ಶುದ್ಧ ಮಾಡಿಕೊಳ್ತೀವಿ" ಅಂದರು.

ಕೋಡಿ ಕಲ್ಲು

ಮಗೂ, ಅದು ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ ಕೆರೆಗೆ ಬಿಡುವ ಯೋಜನೆ. ಕೆರೆಯಿಂದ ನೆಲಕ್ಕೆ ಇಂಗಿ ಬೋರ್‌ಗಳಿಗೆ ಜೀವ ಬರಲಿ ಅಂತ. ಕೋಲಾರಕ್ಕೆ 2018ರಿಂದ ಕೆಸಿ ವ್ಯಾಲಿ ನೀರು ಬರುತ್ತಿರುವುದೂ ಅದಕ್ಕೇ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಜನ ಕೋರ್ಟಿಗೆ ಹೋದದ್ದು ಮರೆತಿರಾ? ಕೆರೆಗೆ ಬಿಡುವುದಕ್ಕೇ ಅಷ್ಟು ಜಗಳ. ಸರ್ಫಿಂಗ್ ಮಾಡುವವನು ಬಿದ್ದಾಗೆಲ್ಲ ಮೂಗು ಬಾಯಿಗೆ ನೀರು ಹೋಗುತ್ತದೆ. ಆ ನೀರನ್ನು ಕುಡಿಯುವ ಮಟ್ಟಕ್ಕೆ ತರುವ ಘಟಕ ಹಾಕುತ್ತಾರೆ ಅಂದರೆ ಸಂತೋಷ, ಅದರ ಖರ್ಚನ್ನು ಮೊದಲು ತೋರಿಸಲಿ.

ಬೇತಮಂಗಲದವನು

ಮೂಗಿನ ವಿಷಯ ಸಾರ್ ಹೇಳಿದ್ದು ಸುಮ್ನೆ ಅಲ್ಲ. ಬೆಚ್ಚಗಿನ ಸಿಹಿ ನೀರಲ್ಲಿ ನೆಗ್ಲೇರಿಯಾ ಅನ್ನೋ ಅಮೀಬಾ ಬೆಳೆಯುತ್ತೆ, ಮೂಗಿನಿಂದ ಮೆದುಳಿಗೆ ಹೋಗುತ್ತೆ. ಕೇರಳದಲ್ಲಿ 2024, 2025ರಲ್ಲಿ ಮೆದುಳು ತಿನ್ನೋ ಅಮೀಬಾ ಅಂತ ಎಷ್ಟು ಸುದ್ದಿ ಆಯಿತು ನೋಡಿದ್ದೀರಿ. ಉಪ್ಪು ನೀರಲ್ಲಿ ಅದು ಬದುಕಲ್ಲ, ಸಮುದ್ರದಲ್ಲಿ ನಮಗೆ ಆ ಭಯ ಇಲ್ಲ. ಕೊಳದಲ್ಲಿ ಕ್ಲೋರಿನ್ ಒಂದು ದಿನವೂ ತಪ್ಪಬಾರದು.

ಇನ್ನೊಂದು ಸಣ್ಣದು. ಸಿಹಿ ನೀರು ಉಪ್ಪು ನೀರಿಗಿಂತ ಎರಡೂವರೆ ಪರ್ಸೆಂಟ್ ಹಗುರ. ಮೂಲ್ಕಿಯ ನನ್ನ ಹಲಗೆ ತಂದರೆ ಇಲ್ಲಿ ಸ್ವಲ್ಪ ಜಾಸ್ತಿ ಮುಳುಗುತ್ತೆ, ದಪ್ಪ ಹಲಗೆ ಬೇಕು. ಆದರೂ ಕಟ್ಟಿದರೆ ಮೊದಲ ದಿನವೇ ಬರುತ್ತೇನೆ, ಸುಳ್ಳು ಯಾಕೆ ಹೇಳಲಿ.

ಹುಣಸೆ ತೋಪು

ಬನ್ನಿ ಬನ್ನಿ. ಬರುವಾಗ ಇಪ್ಪತ್ತು ಟ್ಯಾಂಕರ್ ತನ್ನಿ.

ಗುಡಿಬಂಡೆ ಪೋರ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಒಂದು ಕೆಲಸ ಮಾಡಿದೆ, ಹೇಳಲೇಬೇಕು.

ಮನೆ ಹಿಂದೆ ದನಗಳಿಗೆ ನೀರು ಕುಡಿಸೋ ಸಿಮೆಂಟ್ ತೊಟ್ಟಿ ಇದೆ. ಹನ್ನೆರಡು ಅಡಿ ಉದ್ದ, ಎರಡಡಿ ಅಗಲ. ಒಂದಡಿ ನೀರು ಬಿಟ್ಟು, ಒಂದು ತುದಿಯಲ್ಲಿ ಪ್ಲೈವುಡ್ ತುಂಡು ಇಟ್ಟು ಮುಂದಕ್ಕೆ ಜೋರಾಗಿ ನೂಕಿ ಗಕ್ಕನೆ ನಿಲ್ಲಿಸಿದೆ. ಒಂದೇ ಒಂದು ಗುಡ್ಡೆ ಎದ್ದು ಹಾಗೇ ಹೋಯಿತು. ಹಿಂದೆ ಮುಂದೆ ಏನೂ ಇಲ್ಲ, ಬರೀ ಒಂದು ಉಬ್ಬು. ಮೊಬೈಲ್ ವಿಡಿಯೋ ನಿಧಾನ ಮಾಡಿ ನೋಡಿದೆ, ಆ ತುದಿ ಮುಟ್ಟೋಕೆ ಎರಡು ಸೆಕೆಂಡ್ ಆಸುಪಾಸು. ಶಿರಾ ಗೇಟ್ ಸಾರ್ ಹೇಳಿದ ವರ್ಗಮೂಲ ಹಾಕಿದರೆ ಎರಡೂ ಸರಿ ಹೊಂದುತ್ತೆ! ಪರೀಕ್ಷೆಗೆ ಉರು ಹೊಡೆದ ಸೂತ್ರ ತೊಟ್ಟಿಯಲ್ಲಿ ಓಡಿದ್ದು ನೋಡಿ ಮೈ ಜುಮ್ ಅಂತು.

ಆದರೆ ಕೋಡಿ ಕಲ್ಲು ಸಾರ್ ಹೇಳಿದ್ದೂ ಕಣ್ಣೆದುರೇ ಆಯಿತು. ಉಬ್ಬು ಗೋಡೆಗೆ ಬಡಿದು ವಾಪಸ್ ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಎಣಿಸ್ತಾ ಎಣಿಸ್ತಾ ಬೇಜಾರಾಯಿತು. ಆಮೇಲೆ ಆ ತುದಿಯಲ್ಲಿ ಮರಳು ಚೀಲ ಇಳಿಜಾರಾಗಿ ಜೋಡಿಸಿ, ಮೇಲೆ ಜಲ್ಲಿ ಸುರಿದೆ. ಈ ಸಲ ಉಬ್ಬು ಚೀಲದ ಮೇಲೆ ಹತ್ತಿ, ತಲೆ ಮಗುಚಿ, ಚೊರ್ ಅಂತ ಜಲ್ಲಿಯೊಳಗೆ ಇಳಿದು ಹೋಯಿತು. ವಾಪಸ್ ಬಂದದ್ದು ಬೆರಳಷ್ಟು. ಚೀಲಗಳನ್ನು ಸ್ವಲ್ಪ ಓರೆ ಇಟ್ಟಾಗ ಒಂದು ಪಕ್ಕದಿಂದ ಸುಲೀತಾ ಹೋಯಿತು, ಅರ್ಧ ಅಡಿಯಷ್ಟು ಮಾತ್ರ, ಆದರೂ ಸುಲೀತು.

ಶಿರಾ ಗೇಟ್

ಶಭಾಷ್! 1834ರಲ್ಲಿ ಸ್ಕಾಟ್‌ಲೆಂಡ್‌ನಲ್ಲಿ ಜಾನ್ ಸ್ಕಾಟ್ ರಸೆಲ್ ಅನ್ನೋ ಎಂಜಿನಿಯರ್ ನೋಡಿದ್ದು ಇದನ್ನೇ. ಕಾಲುವೆಯಲ್ಲಿ ಕುದುರೆ ಎಳೆಯುತ್ತಿದ್ದ ದೋಣಿ ಗಕ್ಕನೆ ನಿಂತಿತು, ಅದರ ಮುಂದಿದ್ದ ನೀರು ನಿಲ್ಲದೆ ಒಂಟಿ ಉಬ್ಬಾಗಿ ಹೊರಟಿತು. ಆತ ಕುದುರೆ ಹತ್ತಿ ಅದರ ಹಿಂದೆ ಒಂದೆರಡು ಮೈಲಿ ಹೋದ. ಆಮೇಲೆ ಆತನೂ ತೊಟ್ಟಿ ಕಟ್ಟಿಸಿ ನಿನ್ನ ಹಾಗೇ ನೂಕಿ ನೂಕಿ ನೋಡಿದ. ಎರಡನೇ ಸಲಕ್ಕೆ ಪಾಸಾದೆ ಅಂತ ಇನ್ನು ಮೇಲೆ ಹೇಳಬೇಡ ಮಾರಾಯ.

ಮುಳಬಾಗಿಲು ದೋಸೆ

ಚಿಕ್ಕಪ್ಪ ಏನಂದರು?

ಗುಡಿಬಂಡೆ ಪೋರ

ತೊಟ್ಟಿ ಪಕ್ಕ ನಿಂತು ಹತ್ತು ನಿಮಿಷ ನೋಡಿದರು, ಅವರೂ ಎರಡು ಸಲ ಪ್ಲೈವುಡ್ ನೂಕಿದರು. ಆಮೇಲೆ ಆ ಪಾರ್ಟಿಗೆ ಫೋನ್ ಮಾಡಿ ಸ್ಪೀಕರ್ ಹಾಕಿಸಿದರು. ದಿನಕ್ಕೆ ಒಂದು ಲಕ್ಷ ಲೀಟರ್ ಎಲ್ಲಿಂದ, ಅದು ಬರಹದಲ್ಲಿ ಬೇಕು ಅಂದರು. ನೀವು ಅರ್ಧಕ್ಕೆ ಬಿಟ್ಟು ಹೋದರೆ ಐದು ಎಕರೆ ಕಾಂಕ್ರೀಟ್, ಹಾಳೆ ಕಿತ್ತು ನನ್ನ ಮಣ್ಣು ನನಗೆ ಮಾಡಿಕೊಡೋದು ಯಾರು, ಅದನ್ನೂ ಲೀಸ್ ಪತ್ರದಲ್ಲಿ ಬರೆಯಿರಿ ಅಂದರು. ಆ ಕಡೆಯವರು "ಟೆಕ್ನಿಕಲ್ ಟೀಮ್ ಕೇಳಿ ಹೇಳ್ತೀವಿ ಸಾರ್" ಅಂತ ಇಟ್ಟರು. ನಾಲ್ಕು ದಿನ ಆಯಿತು.

ಬೇತಮಂಗಲದವನು

ತೊಟ್ಟಿ ವಿಡಿಯೋ ಹಾಕು ಗುರು.

ಗುಡಿಬಂಡೆ ಪೋರ

ಅರ್ಧ ಮಾತ್ರ ಇದೆ ಅಣ್ಣ. ಸಂಜೆ ಆಯಿತು, ಹಸು ಬಂದು ಅಲೆ ಮಧ್ಯೆ ಮೂತಿ ಇಟ್ಟಿತು. ಜಲ್ಲಿ ಎಲ್ಲ ತೆಗೀಬೇಕು, ಚಿಕ್ಕಮ್ಮ ಬೈತಾ ಇದ್ದಾರೆ.